ಹದಿನೇಳನೆಯ ಪ್ರಶ್ನೆ

ಫಾರ್ಮಿನಲ್ಲಿ ಮೂವತ್ತೆರಡು ಪ್ರಶ್ನೆಗಳಿದ್ದವು. ಹದಿನೇಳನೆಯದಕ್ಕೆ ನಾನು ‘ಇಲ್ಲ’ ಎಂದು ಒತ್ತಿದೆ. ಒತ್ತಿದ ಬೆರಳು ಇದೇ, ಬಲಗೈಯ ತೋರುಬೆರಳು. ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಇದು ಏನೇನು ಒತ್ತಿದೆಯೋ ದೇವರಿಗೇ ಗೊತ್ತು, ನನಗೆ ನೆನಪಿರುವುದು ಆ ಒಂದು ಸಲ ಮಾತ್ರ.

ನನ್ನ ಹೆಸರು ಪ್ರಮೀಳಾ ಬಡಿಗೇರ. ಹುಬ್ಬಳ್ಳಿಯಿಂದ ಒಂದೂವರೆ ತಾಸಿನ ಹಾದಿಯ ಬೆಣ್ಣಿಹಾಳದಲ್ಲಿ, ತಾಯಿ-ಮಗುವಿನ ಆಸ್ಪತ್ರೆಯಲ್ಲಿ ಜರಡಿ ನಡೆಸುವವಳು. ಆ ಯಂತ್ರಕ್ಕೆ ಗೇಣುದ್ದದ ಇಂಗ್ಲಿಷ್ ಹೆಸರೊಂದಿದೆ. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಕೂಸು ಹುಟ್ಟಿ ತೊಟ್ಟಿಲು ಸೇರಿರುತ್ತದೆ. ಅದಕ್ಕೇ ನಾವೆಲ್ಲ ಜರಡಿ ಅನ್ನುತ್ತೇವೆ, ಬಿಲ್ಲೆ ಹಾಕಿಕೊಂಡ ದೊಡ್ಡ ಡಾಕ್ಟರುಗಳೂ ಹಾಗೇ ಅನ್ನುತ್ತಾರೆ.

ಅದರ ಕೆಲಸ ಇಷ್ಟು. ಬಸುರಿನ ಕೊನೆಯ ತಿಂಗಳುಗಳಲ್ಲಿ ತಾಯಿ ತನ್ನ ರಕ್ತದ ಪ್ರತಿಕಾಯಗಳನ್ನು ಮಾಸಿನ ಮೂಲಕ ಕೂಸಿಗೆ ದಾಟಿಸುತ್ತಾಳೆ. ಪ್ರತಿಕಾಯ ಎಂದರೆ ಕಾವಲುಗಾರ ಅಂದುಕೊಳ್ಳಿ. ತಾಯಿಗೆ ಬಂದುಹೋದ ರೋಗ, ತಾಯಿ ಹಾಕಿಸಿಕೊಂಡ ಚುಚ್ಚುಮದ್ದು, ಒಂದೊಂದಕ್ಕೂ ಒಂದೊಂದು ಬಗೆಯ ಕಾವಲುಗಾರ. ಕೂಸಿಗೆ ತನ್ನದೇ ಕಾವಲು ಹುಟ್ಟುವ ತನಕ ಕೆಲವು ತಿಂಗಳು ಇವರೇ ಕಾಯಬೇಕು. ಆದರೆ ಸಾವಿರಾರು ತಾಯಂದಿರಲ್ಲಿ ಎಲ್ಲೋ ಒಬ್ಬಳ ಕಾವಲುಗಾರರಲ್ಲಿ ಒಬ್ಬನಿಗೆ ತಲೆ ಕೆಟ್ಟಿರುತ್ತದೆ. ಸ್ವಂತ ಮೈಯನ್ನೇ ವೈರಿ ಅಂದುಕೊಂಡಿರುತ್ತಾನೆ. ಒಳ್ಳೆಯವರ ಜೊತೆ ಅವನೂ ದಾಟಿ ಕೂಸಿನ ಮೈ ಸೇರುತ್ತಾನೆ. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತನಾಳಕ್ಕೆ ಒಂದು ಸಣ್ಣ ನಳಿಗೆ ಜೋಡಿಸಿ, ರಕ್ತವನ್ನು ಚಮಚ ಚಮಚವಾಗಿ ಹೊರತೆಗೆದು, ಸೋಸಿ, ಮರಳಿ ಒಳಬಿಡುವುದು ಜರಡಿಯ ಕೆಲಸ. ತಲೆಕೆಟ್ಟವನಿಗೆಂದೇ ಒಳಗೆ ಒಂದು ಹುಸಿ ಗುರಿ ಇಟ್ಟಿರುತ್ತೇವೆ. ಅವನು ಅದಕ್ಕೆ ಅಂಟಿಕೊಂಡು ಕೂರುತ್ತಾನೆ, ಉಳಿದವರು ಹಾದುಹೋಗುತ್ತಾರೆ.

ಆ ಹುಸಿ ಗುರಿ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಆಯಾ ತಾಯಿಯ ರಕ್ತ ನೋಡಿ ಬೆಂಗಳೂರಿನ ಪ್ರಯೋಗಾಲಯದಲ್ಲಿ ಹನ್ನೊಂದು ದಿನ ಬೆಳೆಸಬೇಕು. ಹೊಕ್ಕುಳಬಳ್ಳಿಯ ನಾಳವೋ ಐದು ದಿನಕ್ಕೆ ಒಣಗಿ ಮುಚ್ಚಿಹೋಗುತ್ತದೆ. ಆದ್ದರಿಂದ ಏಳನೇ ತಿಂಗಳಲ್ಲೇ ಫಾರ್ಮು. ಯಾವುದಾದರೂ ಪ್ರಶ್ನೆಗೆ ‘ಹೌದು’ ಬಂದರೆ ರಕ್ತ ಬೆಂಗಳೂರಿಗೆ ಹೋಗುತ್ತದೆ, ಎಲ್ಲಕ್ಕೂ ‘ಇಲ್ಲ’ ಬಂದರೆ ತಾಯಿ ಮನೆಗೆ ಹೋಗುತ್ತಾಳೆ.

ನೀಲಾಂಬಿಕಾ ಮನೆಗೆ ಹೋದಳು.

ಅವಳು ಸರ್ಕಾರಿ ಬಸ್ಸಿನ ಕಂಡಕ್ಟರು. ಇಪ್ಪತ್ತಾರು ವರ್ಷ, ಚೊಚ್ಚಲ ಬಸುರಿ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಅತ್ತೆ ಬಸಲಿಂಗವ್ವನೇ ಬಾಣಂತನಕ್ಕೆ ಟೊಂಕ ಕಟ್ಟಿ ನಿಂತಿದ್ದಳು. ಮೊದಲ ಹದಿನಾರು ಪ್ರಶ್ನೆಗಳಿಗೂ ಅತ್ತೆಯೇ ಉತ್ತರ ಕೊಟ್ಟಳು. ಹದಿನೇಳನೆಯದು ಹೀಗಿತ್ತು: ಬಾಯಿಯೊಳಗೆ ಒಂದು ತಿಂಗಳಿಗೂ ಹೆಚ್ಚು ಕಾಲದಿಂದ ವಾಸಿಯಾಗದ ಹುಣ್ಣುಗಳಿವೆಯೇ?

“ಬಾಯಾಗ ಹುಣ್ಣ ಅದಾವೇನವಾ?” ಎಂದು ಕೇಳಿದೆ.

ನೀಲಾ ಏನೋ ಹೇಳಲು ಹೋದಳು. ಬಸಲಿಂಗವ್ವ ಮುಂದೆ ಬಂದಳು. “ಅದು ಉಷ್ಣರೀ ಅಕ್ಕಾರ. ದಿನಾ ಬಸ್ಸಿನಾಗ ಎಂಜಿನ್ ಬಾಜೂಕ ಕುಂತು ಕುಂತು ಮೈಯಾಗ ಉಷ್ಣ ಏರೇತಿ. ಎಳನೀರು ಕುಡಸಾಕತ್ತೀನಿ.”

“ಸಬ್ಜಾ ಬೀಜ ನೆನಸಿ ಕೊಡ್ರಿ. ಗುಲ್ಕಂದನೂ ಚಲೋ. ನನಗೂ ಹಂಗ ಆಗ್ತಿರತೈತಿ,” ಎಂದೆ ನಾನು.

“ಸೀಟಿ ಊದಾಕ ಬರವಲ್ದರೀ,” ಎಂದಳು ನೀಲಾ. ಅವಳು ಅವತ್ತು ಆಡಿದ ಮಾತು ಅದೊಂದೇ.

“ನಿನಗ ಸೀಟಿ ಯಾಕ ಬೇಕು? ಈ ಹೊಟ್ಟಿ ನೋಡಿದ್ರ ಡ್ರೈವರ್ ತಾನಾಗೇ ಬಸ್ ನಿಲ್ಲಸ್ತಾನ!” ಎಂದು ನಾನು ನಕ್ಕೆ, ಬಸಲಿಂಗವ್ವನೂ ನಕ್ಕಳು, ನಗುತ್ತಲೇ ‘ಇಲ್ಲ’ ಒತ್ತಿದೆ. ನಾಯಿಕೆಮ್ಮಿನ ಚುಚ್ಚುಮದ್ದು ಕೊಡಿಸಿ ಕಳಿಸಿದೆ. ಆ ವರ್ಷ ತಾಲ್ಲೂಕಿನಲ್ಲಿ ನಾಯಿಕೆಮ್ಮು ಬಹಳ ಇತ್ತು.

ಒಂಬತ್ತು ವಾರದ ಮೇಲೆ, ಒಂದು ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ, ಹೆರಿಗೆ ಕೋಣೆಯಿಂದ ನರ್ಸು ಚೀರಿದ್ದು ಕೇಳಿಸಿತು. ನಮ್ಮ ನರ್ಸುಗಳು ಸುಮ್ಮಸುಮ್ಮನೆ ಚೀರುವವರಲ್ಲ. ಓಡಿಹೋಗಿ ನೋಡಿದೆ. ಹೆಣ್ಣು ಕೂಸು, ಎರಡು ಕೆಜಿ ಎಂಟುನೂರು ಗ್ರಾಂ. ಎದೆ, ಬೆನ್ನು, ತೊಡೆಗಳ ಮೇಲೆ ನೀರುಗುಳ್ಳೆಗಳು. ಒರೆಸಲು ಹೋದ ನರ್ಸಿನ ಬಟ್ಟೆಗೆ ಬೆನ್ನಿನ ತೊಗಲು ಅಂಟಿಕೊಂಡು ಬಂದಿತ್ತು.

ಚರ್ಮದ ಡಾಕ್ಟರು ಇಮ್ತಿಯಾಜ್ ಮುಲ್ಲಾ ಬಂದರು. ಕೂಸನ್ನು ನೋಡಿದವರೇ ನೆಟ್ಟಗೆ ತಾಯಿಯ ಹಾಸಿಗೆಯ ಹತ್ತಿರ ಹೋದರು. “ಬಾಯಿ ತಗಿ ತಂಗಿ.”

ನೀಲಾ ಬಾಯಿ ತೆರೆದಳು. ಒಳಗೆ ಒಸಡು, ಕೆನ್ನೆ, ಅಂಗುಳು ಎಲ್ಲ ಹಸಿ ಹಸಿಯಾಗಿ ಸುಲಿದಿತ್ತು. ನನಗೆ ನೋಡಲಾಗಲಿಲ್ಲ.

“ಎಷ್ಟ ದಿನಾತು?”

“ವರ್ಷಾತ್ರೀ ಸರ್.”

“ವರ್ಷ! ಮತ್ತ ಊಟ?”

“ಮೊಸರನ್ನ. ಆರಿಸಿದ ಗಂಜಿ. ಖಾರ ತಿಂದು ಯಾವ ಕಾಲ ಆತೋ,” ಎಂದಳು. ಮನೆಯಲ್ಲಿ ಹುಣ್ಣನ್ನು ಉಷ್ಣ ಅಂತಲೂ, ಬಸುರಾದ ಮೇಲೆ ಈ ಊಟವನ್ನು ಬಯಕೆ ಅಂತಲೂ ಅಂದುಕೊಂಡಿದ್ದರಂತೆ.

ಮುಲ್ಲಾ ಡಾಕ್ಟರು ಹೊರಗೆ ಬಂದು ನನಗೂ ನರ್ಸುಗಳಿಗೂ ತಿಳಿಸಿ ಹೇಳಿದರು. ಚರ್ಮದ ಕೋಶಗಳು ಒಂದಕ್ಕೊಂದು ಟಿಚ್ ಬಟನ್ ಹಾಕಿದ ಹಾಗೆ ಹಿಡಿದುಕೊಂಡಿರುತ್ತವೆ. ಆ ಬಟನ್ನುಗಳಲ್ಲಿ ಎರಡು ಬಗೆ. ದೊಡ್ಡವರ ಮೈಯಲ್ಲಿ ಎರಡೂ ಇರುತ್ತವೆ, ಒಂದು ಬಿಚ್ಚಿದರೂ ಇನ್ನೊಂದು ಹಿಡಿದಿರುತ್ತದೆ. ಬಾಯಿಯೊಳಗೆ ಮಾತ್ರ ಬಹುಪಾಲು ಒಂದೇ ಬಗೆ. ಈ ತಾಯಿಯ ತಲೆಕೆಟ್ಟ ಪ್ರತಿಕಾಯ ಆ ಬಗೆಯನ್ನೇ ಬಿಚ್ಚುತ್ತದೆ, ಆದ್ದರಿಂದ ಅವಳ ಬಾಯಿ ಸುಲಿದಿದೆ, ಮೈಗೆ ಏನೂ ಆಗಿಲ್ಲ. “ಆದ್ರ ಹುಟ್ಟಿದ ಕೂಸಿನ ತೊಗಲು ಇರತೈತಲ್ಲ, ಅದು ತಾಯಿ ಬಾಯಿ ಇದ್ದಂಗ. ಆಕಿ ಬಾಯಾಗ ಆಗಿದ್ದು ಕೂಸಿಗೆ ಮೈ ತುಂಬ ಆಗೇತಿ. ಏಳನೇ ತಿಂಗಳದಾಗ ಗೊತ್ತಾಗಿದ್ರ ಇವತ್ತ ಹುಸಿ ಗುರಿ ಕೈಯಾಗ ಇರತಿತ್ತು, ನಾಕ ತಾಸಿನ ಕೆಲಸ. ಫಾರ್ಮ್ ಯಾರು ತುಂಬಿದ್ರು?”

ಯಂತ್ರದ ಕೋಣೆಗೆ ಹೋಗಿ ಅವಳ ಫಾರ್ಮು ತೆರೆದೆ. ತುಂಬಿದವರು: ಪ್ರ. ಬಡಿಗೇರ. ಹದಿನೇಳು: ಇಲ್ಲ. ಅದನ್ನು ನೋಡುತ್ತ ಕುಳಿತಿದ್ದಾಗ ಇನ್ನೊಂದು ವಿಷಯ ಹೊಳೆಯಿತು. ನಮ್ಮ ಜಿಲ್ಲೆಯ ಬಸ್ಸುಗಳೆಲ್ಲ ಕರೆಂಟಿನವಾಗಿ ಆರು ವರ್ಷವಾಗಿದೆ. ನಾನು ದಿನಾ ಅದರಲ್ಲೇ ಬರುತ್ತೇನೆ. ಕಾದು ಬಿಸಿಯಾಗುವ ಎಂಜಿನ್ ಅವುಗಳಲ್ಲಿ ಎಲ್ಲಿದೆ? ಆದರೂ ಉಷ್ಣ ಅಂದ ಕೂಡಲೇ ತಲೆ ಆಡಿಸಿದ್ದೆ. ಓದಿದ ತಲೆ, ಥೂ.

ಜಿಲ್ಲೆಯ ನಿಯಂತ್ರಣ ಕೊಠಡಿಯಿಂದ ಸಲಹೆ ಬಂತು. ಅಲ್ಲಿ ಕುಳಿತವರಿಗೆ ಕೂಸು ಕಾಣುವುದಿಲ್ಲ, ಅಂಕಿ ಕಾಣುತ್ತದೆ. ಹುಸಿ ಗುರಿ ಬರುವಷ್ಟರಲ್ಲಿ ಹೊಕ್ಕುಳ ಒಣಗಿರುತ್ತದೆ. ಆದ್ದರಿಂದ ಪೂರ್ಣ ಜರಡಿ ಹಾಕಿ, ಮೂರು ದಿನದೊಳಗೆ. ಪೂರ್ಣ ಜರಡಿ ಎಂದರೆ ಆರಿಸುವ ಕೆಲಸವೇ ಇಲ್ಲ. ತಾಯಿ ಕೊಟ್ಟ ಎಲ್ಲ ಪ್ರತಿಕಾಯಗಳನ್ನೂ ಗುಡಿಸಿ ಹಾಕುವುದು.

“ಹಾಕಿದ್ರ ಗುಳ್ಳಿ ಲಗೂನ ಕಡಿಮಿ ಆಗ್ತಾವ. ಆದ್ರ ಕಾವಲು ಪೂರಾ ಹೋಗತೈತಿ,” ಎಂದರು ಮುಲ್ಲಾ ಡಾಕ್ಟರು. “ಬ್ಯಾರೆಯವರ ರಕ್ತದಿಂದ ತಗದ ಬದಲಿ ಕೊಡಬಹುದು. ನಾಯಿಕೆಮ್ಮಿಗೆ ಅದು ಸಾಲಂಗಿಲ್ಲ. ಹಾಕದಿದ್ರ, ಮೂರ ನಾಕ ವಾರದಾಗ ಕೆಟ್ಟದ್ದು ತಾನಾಗೇ ಸವದು ಹೊಸ ತೊಗಲು ಬರತೈತಿ. ಅಲ್ಲೀತನಕ ಮೈ ಹಸಿ ಇರತೈತಿ, ನಂಜು ಏರಬಹುದು. ಎರಡೂ ಕಡೆ ಅಂಜಿಕಿ ಐತಿ. ತಾಯಿನ ಕೇಳೂಣು.”

ಕೇಳಿದರು. ನೀಲಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂಸನ್ನು ಎತ್ತಿಕೊಂಡಿರಲಿಲ್ಲ. ಹಾಲನ್ನು ಹಿಂಡಿ ಬಟ್ಟಲಲ್ಲಿ ಕೊಡುತ್ತಿದ್ದಳು, ಅದನ್ನೂ ಮುಖ ತಿರುಗಿಸಿಯೇ.

“ಎಲ್ಲಾ ತಗೀರಿ ಸರ್,” ಎಂದಳು. “ನಂದು ಅಂಬೂದು ಏನೂ ಅದರ ಮೈಯಾಗ ಇರಬಾರ್ದು.”

ಆ ದಿನ ಸಂಜೆ ಮನೆಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನನ್ನ ಅವ್ವ ಗುರುಸಿದ್ದವ್ವನಿಗೆ ಎಪ್ಪತ್ತೊಂಬತ್ತು. ನಲವತ್ತು ವರ್ಷ ಮನೆಮನೆಗೆ ಹೋಗಿ ಕೂಸುಗಳಿಗೆ ಎರೆದವಳು. ನಮ್ಮ ಓಣಿಯ ಅರ್ಧ ಮಂದಿ, ಈಗ ಮೀಸೆ ತಿರುವಿಕೊಂಡು ಓಡಾಡುವವರು ಸಹ, ಅವಳ ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿ ಎಣ್ಣೆ ತಿಕ್ಕಿಸಿಕೊಂಡವರೇ.

“ರೊಟ್ಟಿ ಯಾಕ ಮುರದು ಮುರದು ಇಡಾಕತ್ತಿ? ತಿನ್ನು, ಇಲ್ಲಾ ಎದ್ದು ಹೋಗು,” ಎಂದಳು.

ಹೇಳಿದೆ. ಎಲ್ಲ ಹೇಳಿದೆ, ಸೀಟಿಯ ಮಾತನ್ನೂ ನಾನು ನಕ್ಕಿದ್ದನ್ನೂ. ಹೇಳುವಾಗ ಅಳು ಬಂತು. ಅವ್ವ ಹಂಚನ್ನು ಒಲೆಯಿಂದ ಇಳಿಸಿದಳು.

“ಹಡದಾಕಿಗೆ ಹೇಳಿಯೇನು, ನೀ ಬರದದ್ದು?”

“ಇಲ್ಲ.”

“ಯಾಕ?”

“ನೌಕರಿ ಹೋಗತೈತಿ. ಅಷ್ಟ ಅಲ್ಲವ್ವಾ, ಹೇಳಿ ಏನಾಗೂದೈತಿ? ಕೂಸಿನ ಮೈ ಸುಲದದ್ದು ಸುಲದೈತಿ.”

ಅವ್ವ ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದಳು.

“ಕಮ್ಮಾರ ಶಂಕ್ರವ್ವ ಇದ್ಲಲ್ಲ, ಆಕಿ ಎರಡನೇ ಮಗಳಿಗೆ ನಾನ ಎರೀತಿದ್ದೆ. ಒಂದಿನ ನೀರು ಕಾದದ್ದು ಹೆಚ್ಚಾಗಿತ್ತು. ಕೈ ಅದ್ದಿ ನೋಡೂದು ಮರತೆ. ಕೂಸಿನ ಬೆನ್ನು ಕೆಂಪಗ ಬೊಬ್ಬಿ ಬಂತು. ಶಂಕ್ರವ್ವ ಏನಾತು ಅಂದ್ಲು. ದೃಷ್ಟಿ ಆಗೇತಿ ಅಂದೆ. ಬೊಬ್ಬಿ ಎಂಟ ದಿನಕ್ಕ ಹ್ವಾದವು. ಆದ್ರ ಆಕಿ ಆಮ್ಯಾಲೆ ಆ ಕೂಸನ್ನ ಕಣ್ಣ ತುಂಬ ನೋಡಾಕ ಅಂಜತಿದ್ಲು. ತನ್ನ ದೃಷ್ಟಿನ ತಾಗೇತಿ ಅಂತ. ಆ ಹುಡುಗಿ ಮದವಿ ಆಗಿ ಹೋಗೂತನಕ ತೆಳಗ ನೋಡಕೋತನ ಮಾತಾಡಸ್ತಿದ್ಲು.”

“ನೀ ಆಮ್ಯಾಲೆ ಹೇಳಿದೇನು?”

“ಎಲ್ಲಿ ಹೇಳಿದೆ? ನಾಳೆ ಹೇಳೂಣು, ನಾಡಿದ್ದ ಹೇಳೂಣು ಅನಕೋತನ ಇದ್ದೆ. ಆಕಿ ಸತ್ತು ಹನ್ನೆರಡ ವರ್ಷಾತು.” ಅವ್ವ ಹಂಚನ್ನು ಮತ್ತೆ ಒಲೆಗೇರಿಸಿದಳು. “ರೊಟ್ಟಿ ತಿನ್ನು.”

ಮರುದಿನ ಬೆಳಗ್ಗೆ ಆಸ್ಪತ್ರೆಗೆ ಹೋದೆ. ಕೂಸನ್ನು ಬಾಳೆಯ ಸುಳಿ ಎಲೆಯ ಮೇಲೆ ಮಲಗಿಸಿದ್ದರು. ಉಗ್ರಾಣದಲ್ಲಿದ್ದ ನುಣುಪು ಹಾಳೆಗಳಿಗೂ ಮೈ ಅಂಟಿಕೊಂಡಿತ್ತು. ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಕಲಿತ ಮುಲ್ಲಾ ಡಾಕ್ಟರಿಗೆ ಬಾಳೆ ಎಲೆಯ ಗುಟ್ಟು ಗೊತ್ತಿತ್ತು. ಎಳೆಯ ಎಲೆಯನ್ನು ಹಬೆಯಲ್ಲಿ ಕ್ರಿಮಿಶುದ್ಧ ಮಾಡಿ, ಆರಿಸಿ ಹಾಸಿದರೆ ಹಸಿ ಮೈ ಅದಕ್ಕೆ ಅಂಟುವುದಿಲ್ಲ, ತಂಪಾಗಿಯೂ ಇರುತ್ತದೆ. ಹಸಿರು ಎಲೆಯ ಮೇಲೆ ಆ ಕೆಂಪು ಕೂಸು ಕಣ್ಣು ಮುಚ್ಚಿಕೊಂಡು ಬಾಯಿ ಚಪ್ಪರಿಸುತ್ತಿತ್ತು.

ಜರಡಿ ಹಾಕುವ ಮುನ್ನ ಯಂತ್ರ ಎರಡು ಹನಿ ರಕ್ತ ತೆಗೆದುಕೊಂಡು ಒಂದು ಪಟ್ಟಿ ಕೊಡುತ್ತದೆ. ಕೂಸಿನ ರಕ್ತದಲ್ಲಿ ಯಾವ ಯಾವ ಪ್ರತಿಕಾಯ ಇವೆ, ತಾಯಿಯವೋ ಕೂಸಿನವೋ ಎಂದು. ಅದನ್ನು ಯಾರೂ ಓದುವುದಿಲ್ಲ. ನಾವು ಬೇಕಾದ ಒಂದು ಸಾಲು ಹುಡುಕಿ ಉಳಿದದ್ದನ್ನು ಮುಚ್ಚಿಬಿಡುತ್ತೇವೆ. ಅವತ್ತು ಓದಿದೆ. ನೂರಾ ಎಪ್ಪತ್ತೆರಡು ಸಾಲು. ಪಟ್ಟಿ ತೋರಿಸುವ ಯಂತ್ರದ ಹಲಗೆಯನ್ನು ಹಿಡಿದುಕೊಂಡು ನೀಲಾಳ ಹತ್ತಿರ ಹೋದೆ. ಬಸಲಿಂಗವ್ವ ಕಾಲ ಕಡೆ ಕುಳಿತಿದ್ದಳು. ಒಪ್ಪಿಗೆಯ ಕಾಗದ ಮಂಚದ ಮೇಲಿತ್ತು, ಇನ್ನೂ ಸಹಿ ಆಗಿರಲಿಲ್ಲ.

“ನೀಲಾ, ಮದಲ ಒಂದ ಮಾತು,” ಎಂದೆ. “ತಪ್ಪು ನಿನ್ನ ರಕ್ತದ್ದಲ್ಲ, ನಂದು. ಅವತ್ತು ಬಾಯಾಗ ಹುಣ್ಣ ಅದಾವೇನು ಅಂತ ಫಾರ್ಮ್ ಕೇಳಿತ್ತು. ನಾ ಉಷ್ಣ ಅಂತ ತಿಳಕೊಂಡು ಇಲ್ಲ ಅಂತ ಒತ್ತಿದೆ. ಹೌದು ಅಂತ ಒತ್ತಿದ್ರ ಇವತ್ತ ನಿನ್ನ ಕೂಸು ಹಿಂಗ ಇರತಿರಲಿಲ್ಲ. ನೀ ಸೀಟಿ ಊದಾಕ ಬರವಲ್ದು ಅಂತ ಹೇಳಿದಿ. ನಾ ನಕ್ಕೆ.”

ನೀಲಾ ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಬಸಲಿಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಉಷ್ಣ ಅಂದಾಕಿ ನಾನ ಅಲ್ಲರೀ ಅಕ್ಕಾರ? ಆಕಿ ಬಾಯಿ ತಗದ್ಲು, ನಾನ ಮುಚ್ಚಿಸಿದೆ,” ಎಂದು ಅತ್ತಳು.

“ಇರಲಿ ಬಿಡ್ರಿ,” ಎಂದಳು ನೀಲಾ. ಯಾರಿಗೆ ಅಂದಳೋ. “ಆದ್ರೂ ಅದು ನನ್ನ ರಕ್ತದಾಗಿಂದ ಹೋಗಿದ್ದ ಅಲ್ಲ?”

“ಹೋಗೇತಿ. ಅದರ ಜೋಡಿ ಏನೇನ ಹೋಗೇತಿ ಕೇಳು. ಕೇಳಿ ಸಹಿ ಮಾಡು.” ಓದತೊಡಗಿದೆ. “ದಡಾರ. ಆಗಿತ್ತೇನು ನಿನಗ?”

“ಒಂದನೇತ್ತ ಇದ್ದಾಗ.”

“ನಾಯಿ ಕಡದದ್ದಕ್ಕ ಚುಚ್ಚಿದ್ದು.”

“ಏಳನೇತ್ತ. ಸಾಲಿ ಮುಂದಿನ ಕುಂಟ ನಾಯಿ. ನಾನ ಅದರ ಬಾಲ ತುಳದಿದ್ದೆ. ಅದೂ ಬರೀತೈತೇನ್ರಿ ಇದರಾಗ?”

“ಎಲ್ಲಾ ಬರೀತೈತಿ. ಟೈಫಾಯ್ಡ್.”

“ಟ್ರೇನಿಂಗಿನಾಗ. ಹಾಸ್ಟೆಲ್ ನೀರು.”

“ಚಿಕೂನ್‌ಗುನ್ಯಾ.”

ನೀಲಾ ಎದ್ದು ಕುಳಿತಳು. “ಅವ್ವನೂ ನಾನೂ ಒಂದ ಕೋಣ್ಯಾಗ ಬಿದ್ದಿದ್ವಿ. ಆಕಿಗೆ ಕೈ ಎತ್ತಾಕ ಬರತಿರಲಿಲ್ಲ. ಆದ್ರೂ ತೆವಳಕೋತ ಹೋಗಿ ನನಗ ಗಂಜಿ ಕಾಸಿದ್ಲು. ಅದರ ಮುಂದಿನ ವರ್ಷ ಹ್ವಾದ್ಲು.” ಅವಳ ಕಣ್ಣು ತುಂಬಿದವು. “ಅದು ಈ ಕೂಸಿನ ಮೈಯಾಗ ಐತೇನ್ರಿ?”

“ಐತಿ. ಇಲ್ಲಿ ನೋಡು, ನಾಯಿಕೆಮ್ಮು. ಇದು ಫಾರ್ಮ್ ತುಂಬಿದ ದಿನ ನಾನ ಚುಚ್ಚಿಸಿದ್ದು. ಅವತ್ತ ಇದೊಂದರ ನೆಟ್ಟಗ ಮಾಡೀನಿ.”

ಹೀಗೇ ಓದುತ್ತ ಹೋದೆ. ಮಂಗನಬಾವು, ಧನುರ್ವಾಯು, ಯಾವ ಯಾವುದೋ ಜ್ವರ, ಹೆಸರಿಲ್ಲದ ನೆಗಡಿಗಳು. ಕೆಲವು ಸಾಲಿಗೆ ಅವಳಿಗೆ ಏನೂ ನೆನಪಿರಲಿಲ್ಲ. ಕೆಲವಕ್ಕೆ ಬಸಲಿಂಗವ್ವ ಮೂಗಿನ ಮೇಲೆ ಬೆರಳಿಟ್ಟಳು. ಎಂಬತ್ತೆಂಟನೇ ಸಾಲಿಗೆ ನಿಲ್ಲಿಸಿದೆ.

“ಇದು ಆ ಕೆಟ್ಟದ್ದು.”

“ಮತ್ತ?”

“ಮತ್ತ ಯಾವುದೂ ಇಲ್ಲ. ಇದೊಂದ.”

“ನೂರಾ ಎಪ್ಪತ್ತೆರಡರಾಗ ಒಂದ?”

“ಒಂದ.”

ನೀಲಾ ಒಪ್ಪಿಗೆಯ ಕಾಗದವನ್ನು ಕೈಗೆ ತೆಗೆದುಕೊಂಡಳು. ಕಂಡಕ್ಟರುಗಳು ಟಿಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರಲ್ಲ, ಹಾಗೆ ನೋಡಿದಳು. “ಒಬ್ಬಾಂವ ಟಿಕೆಟ್ ತಗೊಂಡಿಲ್ಲಂತ ಇಡೀ ಬಸ್ ಖಾಲಿ ಮಾಡಸ್ತಾರೇನ್ರಿ?” ಎಂದಳು.

ಆಮೇಲೆ ಮುಲ್ಲಾ ಡಾಕ್ಟರನ್ನು ಕರೆಸಿ ಮೂರು ಪ್ರಶ್ನೆ ಕೇಳಿದಳು. ನಂಜಾದರೆ ಮದ್ದಿದೆಯೇ? ಇದೆ. ಖಾತ್ರಿ ಇದೆಯೇ? ಇಲ್ಲ. ನಿಮ್ಮ ಕೂಸಾಗಿದ್ದರೆ? ಡಾಕ್ಟರು ಕನ್ನಡಕ ತೆಗೆದು ಒರೆಸಿ, “ಅಂಜಕೋತ ಅಂಜಕೋತ ಇಟ್ಕೊಂತಿದ್ದೆ ತಂಗಿ,” ಎಂದರು. ನೀಲಾ ಕಾಗದವನ್ನು ಸಹಿ ಮಾಡದೆ ಮರಳಿ ಕೊಟ್ಟಳು.

ಸುಲಭವಾಯಿತು ಎಂದು ಯಾರೂ ತಿಳಿಯಬಾರದು. ದಿನಕ್ಕೆ ನಾಲ್ಕು ಸಲ ಎಲೆ ಬದಲಿಸಬೇಕು. ಅಂಟಿಸುವ ಪಟ್ಟಿ ಒಂದನ್ನೂ ಹಚ್ಚುವಂತಿಲ್ಲ. ಎತ್ತುವಾಗ ಕಂಕುಳಿಗೆ ಕೈ ಹಾಕುವಂತಿಲ್ಲ, ಎಲೆಯ ಸಮೇತ ಎತ್ತಬೇಕು. ನೀಲಾ ಎಲೆಯ ಸಮೇತವೇ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹಾಲೂಡಿಸಲು ಕಲಿತಳು. ನಾನು ದಿನಾ ಬೆಳಗ್ಗೆ ಎರಡು ಬಸ್ ಬದಲಿಸಿ ಹಳ್ಳದ ದಂಡೆಯ ತೋಟದಿಂದ ಸುಳಿ ಎಲೆ ತರುತ್ತಿದ್ದೆ. ಅದು ನನ್ನ ಕೆಲಸವಲ್ಲ, ಆದರೆ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಎಲೆ ಮುಟ್ಟಲು ಬಂದ ವಾರ್ಡಿನ ಆಯಾಳನ್ನು ಬೈದುಬಿಟ್ಟೆ, ಪಾಪ.

ಒಂಬತ್ತನೇ ದಿನ ಜ್ವರ ಬಂತು. ಕೂಸು ಹಾಲು ಬಿಟ್ಟಿತು, ಅಳುವುದನ್ನೂ ಬಿಟ್ಟಿತು. ಮುಲ್ಲಾ ಡಾಕ್ಟರು ಮನೆಗೆ ಹೋಗಲಿಲ್ಲ. ನಾನು ಯಂತ್ರದ ಕೋಣೆಯಲ್ಲಿ ಕುಳಿತು, ಪೂರ್ಣ ಜರಡಿ ಹಾಕಿಸಿದ್ದರೆ, ಬಾಯಿ ಮುಚ್ಚಿಕೊಂಡು ಇದ್ದಿದ್ದರೆ, ಎಂದು ಲೆಕ್ಕವಿಲ್ಲದಷ್ಟು ಸಲ ಅಂದುಕೊಂಡೆ. ಹೊಕ್ಕುಳ ಆಗಲೇ ಒಣಗಿಹೋಗಿತ್ತು. ತಪ್ಪನ್ನು ಒಪ್ಪಿಕೊಂಡೆ ಎಂಬ ಸಮಾಧಾನ ಆ ದಿನ ನನಗೆ ಯಾವ ಕೆಲಸಕ್ಕೂ ಬರಲಿಲ್ಲ. ಎರಡು ದಿನದ ಮೇಲೆ ಜ್ವರ ಇಳಿಯಿತು. ಮದ್ದಿನಿಂದ ಇಳಿಯಿತೋ, ನೀಲಾಳ ಕಾವಲುಗಾರರು ಕಾದರೋ, ನನಗೆ ಗೊತ್ತಿಲ್ಲ. ಡಾಕ್ಟರೂ ಗೊತ್ತಿಲ್ಲ ಅಂದರು.

ಹದಿನಾರನೇ ದಿನದಿಂದ ಹೊಸ ಗುಳ್ಳೆ ಏಳಲಿಲ್ಲ. ಇಪ್ಪತ್ತಾರನೇ ದಿನ ಬೆನ್ನಿನ ಮೇಲೆ ಹೊಸ ತೊಗಲು ಪೂರ್ತಿ ಕೂಡಿಕೊಂಡಿತು. ನೀಲಾ ಮೊದಲ ಸಲ ಎಲೆ ಇಲ್ಲದೆ ಕೂಸನ್ನು ಬರಿಗೈಯಲ್ಲಿ ಎತ್ತಿಕೊಂಡಳು. ಎತ್ತಿಕೊಂಡು ಒಂದು ತಾಸು ಕೆಳಗೆ ಇಡಲೇ ಇಲ್ಲ. ಬಸಲಿಂಗವ್ವ ತನಗೂ ಕೊಡು ಎಂದು ಜಗಳವಾಡಿದಳು.

ನಾನು ನನ್ನ ತಪ್ಪನ್ನು ಬರೆದು ಮೇಲಿನವರಿಗೆ ಕಳಿಸಿದೆ. ನೋಟೀಸು ಬಂತು, ವಿಚಾರಣೆ ಆಯಿತು, ಒಂದು ಬಡ್ತಿ ತಪ್ಪಿತು. ಬರೆದ ಕಾಗದದ ಕೊನೆಗೆ ಒಂದು ಸಲಹೆಯನ್ನೂ ಸೇರಿಸಿದ್ದೆ. ಆರು ವಾರದ ನಂತರ ಹೊಸ ಫಾರ್ಮು ಬಂದಾಗ ಹದಿನೇಳನೆಯ ಪ್ರಶ್ನೆ ಬದಲಾಗಿತ್ತು: ಬಾಯಿಯಲ್ಲಿ ಉಷ್ಣವಾಗಿದೆ ಎಂದು ಮನೆಯವರು ಹೇಳುತ್ತಾರೆಯೇ? ಎಷ್ಟು ದಿನದಿಂದ? ಬಾಯಿ ತೆರೆಸಿ ನೋಡಿದಿರಾ? ಅಲ್ಲಿಂದ ಮುಂದೆ ಪ್ರತಿ ಬಸುರಿಯ ಬಾಯಿಯನ್ನೂ ಟಾರ್ಚ್ ಹಾಕಿ ನೋಡುತ್ತೇನೆ. ನನ್ನ ಬಾಯಿಯನ್ನೂ ನೋಡಿಸಿಕೊಂಡೆ. ನನ್ನದು ಮುರಿದ ಹಲ್ಲೊಂದು ಕೆನ್ನೆಗೆ ಉಜ್ಜಿ ಆಗುತ್ತಿದ್ದ ಹುಣ್ಣಂತೆ.

ನಾಲ್ಕು ತಿಂಗಳಾದಾಗ ನೀಲಾ ಕೂಸನ್ನು ಮರುತಪಾಸಣೆಗೆ ಕರೆತಂದಳು. ತಾನೂ ಮದ್ದು ತೆಗೆದುಕೊಳ್ಳುತ್ತಿದ್ದಳು. ಬಾಯಿ ಮುಕ್ಕಾಲು ವಾಸಿಯಾಗಿ, ಮೊದಲ ಸಲ ಮೆಣಸಿನಕಾಯಿ ಚಟ್ನಿ ತಿಂದೆ ಎಂದು ವಾರ್ಡಿನವರಿಗೆಲ್ಲ ಹೇಳಿಕೊಂಡು ಬಂದಳು. ಮರುದಿನದಿಂದ ಡ್ಯೂಟಿಗೆ ಹೋಗುವವಳು, ಡಿಪೋದಲ್ಲಿ ಚೀಲ ತೆಗೆದುಕೊಂಡೇ ಬಂದಿದ್ದಳು. ಕೂಸಿಗೆ ಮೂಗು ಸೋರುತ್ತಿತ್ತು, ಗೊರ ಗೊರ ಉಸಿರಾಡುತ್ತಿತ್ತು. ತಾಲ್ಲೂಕಿನಲ್ಲಿ ಆ ತಿಂಗಳೂ ನಾಯಿಕೆಮ್ಮಿಗೆ ಕೂಸುಗಳು ಆಸ್ಪತ್ರೆ ಸೇರುತ್ತಿದ್ದವು. ಸುಲಿದಿದ್ದ ಮೈ ಎಂದು ಕೂಸಿನ ಚುಚ್ಚುಮದ್ದುಗಳನ್ನೆಲ್ಲ ಡಾಕ್ಟರು ಈ ತಪಾಸಣೆಯ ತನಕ ಮುಂದೂಡಿದ್ದರು. ಬಸಲಿಂಗವ್ವನ ಮುಖ ಸಣ್ಣದಾಗಿತ್ತು.

ಹಿಮ್ಮಡಿಯಿಂದ ಎರಡು ಹನಿ ತೆಗೆದು ಯಂತ್ರಕ್ಕೆ ಹಾಕಿದೆ. ಪಟ್ಟಿ ಬಂತು. ಮೊದಲಿನಷ್ಟು ಉದ್ದ ಇರಲಿಲ್ಲ. ತಾಯಿ ಕೊಟ್ಟದ್ದು ತಿಂಗಳು ತಿಂಗಳಿಗೆ ಸವೆಯುತ್ತದೆ, ಅದು ಹಾಗೇ ಆಗಬೇಕು. ಎಂಬತ್ತೆಂಟನೆಯದು ಇರಲಿಲ್ಲ. ಕುಂಟ ನಾಯಿಯದು ಹೋಗಿತ್ತು. ಟೈಫಾಯ್ಡ್ ಹೋಗಿತ್ತು. ನಾಯಿಕೆಮ್ಮಿನದು ತೆಳ್ಳಗಾಗಿದ್ದರೂ ಇತ್ತು, ಕೂಸಿಗೆ ಆ ರೋಗ ತಗುಲಿರಲಿಲ್ಲ. ಚಿಕೂನ್‌ಗುನ್ಯಾದ್ದು ಇನ್ನೂ ಒಂದಿಷ್ಟು ಉಳಿದಿತ್ತು. ಅದನ್ನು ಹೇಳಿದಾಗ ನೀಲಾ ಕೂಸಿನ ತಲೆ ಸವರಿ, “ಅಜ್ಜಿ ಇನ್ನೂ ಇಳದಿಲ್ಲ ನೋಡು,” ಎಂದಳು.

ಪಟ್ಟಿಯ ಕೊನೆಗೆ ಮೊದಲಿರದ ಒಂದು ಸಾಲಿತ್ತು. ನಾನು ಎರಡು ಸಲ ಓದಿದೆ. ಇಷ್ಟು ವರ್ಷದಲ್ಲಿ ಆ ಕಲಂ ಅನ್ನು ಓದುವ ಪ್ರಸಂಗವೇ ನನಗೆ ಬಂದಿರಲಿಲ್ಲ, ಹುಟ್ಟಿದ ದಿನದ ಪಟ್ಟಿಗಳಲ್ಲಿ ಅದು ಖಾಲಿ ಇರುತ್ತದೆ.

“ನೀಲಾ, ಇದೊಂದು ನಿಂದಲ್ಲ.”

ಅವಳ ಮುಖ ಬಿಳಿಚಿತು. “ಮತ್ತ ಯಾರದ್ದರೀ?”

“ನಿನ್ನ ಮಗಳದು. ಆಕಿ ತಾನ ಮಾಡಿದ್ದು. ಮದಲನೇದು.”

“ಯಾವ ರೋಗದ್ದು?”

“ನೆಗಡಿ.”

ಬಸಲಿಂಗವ್ವ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನೀಲಾ ನಗಲಿಲ್ಲ. ಸೋರುವ ಮೂಗಿನ ಆ ಕೂಸನ್ನು ಎರಡೂ ಕೈಯಲ್ಲಿ ಮುಖದ ಎದುರಿಗೆ ಹಿಡಿದುಕೊಂಡು, ಕಣ್ಣು ಕೀಳದೆ, ಬಹಳ ಹೊತ್ತು ನೋಡಿದಳು. ಆಮೇಲೆ ಅತ್ತೆಯ ಕೈಗೆ ಕೊಟ್ಟು, ಚೀಲದಿಂದ ಸೀಟಿ ತೆಗೆದು, ತುಟಿಗಿಟ್ಟು ಎರಡು ಸಲ ಊದಿದಳು. ಎರಡು ಸಲ ಊದಿದರೆ ಬಸ್ಸು ಹೊರಡಬಹುದು ಎಂದು ಅರ್ಥ.

ವಾರ್ಡಿನ ಕೂಸುಗಳೆಲ್ಲ ಒಟ್ಟಿಗೇ ಕಿರುಚಿದವು. ಹೆಡ್ ನರ್ಸು ಬೈಯುತ್ತ ಓಡಿ ಬಂದಳು. ನಾನೇ ಊದಿದೆ ಎಂದು ಹೇಳಿದೆ.